ಜನನ ಮರಣಗಳ ಲೆಕ್ಕ ಮತ್ತು ಕುಟುಂಬ ಕಲ್ಯಾಣ

(ಆರೋಗ್ಯ ಸಹಾಯಕಿಯರು, ಆಶಾ ಕಾರ್ಯಕರ್ತೆಯರು ಹಾಗೂ ಅಂಗನವಾಡಿ ಕಾರ್ಯಕರ್ತೆಯರ ತಾಲ್ಲೂಕು ಮಟ್ಟದ ತರಬೇತಿ ಶಿಬಿರದಲ್ಲಿ ನಿವೃತ್ತ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ಈ ಶಿಬಿರದ ವ್ಯವಸ್ಥಾಪಕರು ನನಗೆ ಗೊತ್ತುಪಡಿಸಿರುವ ವಿಷಯ ‘ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಅಂಕಿ ಅಂಶಗಳ ಸಂಗ್ರಹಣೆ ಮತ್ತು ಅವುಗಳ ಸದುಪಯೋಗ’ ಎಂಬುದು. ವಿಷಯದ ಹೆಸರು ದೊಡ್ಡದು. ಹೊತ್ತಾದರೋ ಊಟವಾದ ಮೇಲಿನದು. ಆದುದರಿಂದ ರಾಷ್ಟ್ರಗಳಿಂದ ಆರಂಭಿಸದೆ, ನಿಮ್ಮಲ್ಲಿ ಪ್ರತಿಯೊಬ್ಬರ ಚೀಲದಲ್ಲಿಯೂ ಇರುವ ದಾಖಲೆ ಪುಸ್ತಕದಿಂದಲೇ ಆರಂಭಿಸುತ್ತೇನೆ. ಅದರ ಅಂಚು ಮಡಿಸಿದೆ, ಮೂಲೆ ಮಳೆಯಲ್ಲಿ ನೆನೆದಿದೆ. ಈಗ ಕೆಲವು ವರ್ಷಗಳಿಂದ ಅದರ ಜೊತೆಗೆ ಮೊಬೈಲು ಫೋನೂ ಸೇರಿಕೊಂಡಿದೆ. ರಾಜ್ಯದ ರಾಜಧಾನಿಯಲ್ಲಿ, ದೆಹಲಿಯಲ್ಲಿ, ಅದಕ್ಕೂ ದೂರದ ವಿಶ್ವಸಂಸ್ಥೆಯಲ್ಲಿ ಪ್ರಕಟವಾಗುವ ದೊಡ್ಡ ದೊಡ್ಡ ಕೋಷ್ಟಕಗಳ ಬೇರು ಇಂಥ ಪುಸ್ತಕಗಳಲ್ಲಿದೆ. ಬೇರು ಒಣಗಿದ್ದರೆ ಮೇಲಿನ ಎಲೆಗೆ ಎಷ್ಟು ಹಸಿರು ಬಣ್ಣ ಬಳಿದರೂ ಪ್ರಯೋಜನವಿಲ್ಲ.

2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2030ರೊಳಗೆ ಸಾಧಿಸಬೇಕಾದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡವು. ಅವುಗಳಲ್ಲಿ ಮೂರನೆಯದು ಆರೋಗ್ಯಕ್ಕೆ ಸಂಬಂಧಿಸಿದ್ದು. ಜಗತ್ತಿನ ತಾಯಿಮರಣ ಪ್ರಮಾಣ ಒಂದು ಲಕ್ಷ ಸಜೀವ ಜನನಗಳಿಗೆ 70ಕ್ಕಿಂತ ಕೆಳಗೆ ಇಳಿಯಬೇಕು, ಐದು ವರ್ಷದೊಳಗಿನ ಮಕ್ಕಳ ಮರಣ ಸಾವಿರಕ್ಕೆ 25ಕ್ಕೆ ಇಳಿಯಬೇಕು ಎಂದು ಅದು ಹೇಳುತ್ತದೆ. ಹದಿನಾರನೆಯ ಗುರಿಯಲ್ಲಿ ಜನನ ನೋಂದಣಿಯೂ ಸೇರಿದಂತೆ ಎಲ್ಲರಿಗೂ ಕಾನೂನುಬದ್ಧ ಗುರುತು ದೊರೆಯಬೇಕೆಂಬ ಮಾತಿದೆ. ಕೇಳಲು ಸೊಗಸಾಗಿದೆ. ಆದರೆ ಹುಟ್ಟಿದವರ ಲೆಕ್ಕವಿಲ್ಲದ ಕಡೆ ಸಾವಿರಕ್ಕೆ ಎಷ್ಟು ಎಂದು ಹೇಳುವ ಬಗೆ ಯಾವುದು? ಅಂಶವೂ ತಪ್ಪು, ಛೇದವೂ ತಪ್ಪು ಇದ್ದಲ್ಲಿ ಭಾಗಲಬ್ಧ ಮಾತ್ರ ದಶಮಾಂಶದ ಎರಡು ಸ್ಥಾನದವರೆಗೆ ಸರಿಯಾಗಿರುತ್ತದೆಯೆ? ಜಗತ್ತಿನ ಬಡ ರಾಷ್ಟ್ರಗಳು ಎದುರಿಸುತ್ತಿರುವ ತೊಡಕು ಇದೇ. ಎಲ್ಲಿ ಸಾವು ಹೆಚ್ಚೋ ಅಲ್ಲಿಯೇ ಸಾವಿನ ಲೆಕ್ಕ ಕಡಿಮೆ.

ನಮ್ಮ ನಾಡಿನ ಒಂದು ಪದ್ಧತಿಯನ್ನು ತೆಗೆದುಕೊಳ್ಳೋಣ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಏಳನೆಯ ತಿಂಗಳಲ್ಲಿ ಸೀಮಂತ ಮಾಡಿ ಕರೆತರುತ್ತಾರೆ. ಬಾಣಂತನ ಮುಗಿಸಿಕೊಂಡು ಮೂರು ಅಥವಾ ಐದು ತಿಂಗಳಿಗೆ ಗಂಡನ ಮನೆಗೆ ಕಳುಹಿಸುತ್ತಾರೆ. ಈ ಹುಡುಗಿ ಗರ್ಭಿಣಿಯೆಂದು ದಾಖಲಾದದ್ದು ಗಂಡನ ಊರಿನ ಉಪಕೇಂದ್ರದಲ್ಲಿ. ಹೆರಿಗೆಯಾದದ್ದು ತವರಿನ ಹತ್ತಿರದ ಆಸ್ಪತ್ರೆಯಲ್ಲಿ. ಮಗುವಿಗೆ ಮೊದಲ ಚುಚ್ಚುಮದ್ದು ಒಂದು ಕಡೆ, ಮೂರನೆಯದು ಇನ್ನೊಂದು ಕಡೆ. ಕಾನೂನಿನ ಪ್ರಕಾರ ಜನನವನ್ನು ನೋಂದಾಯಿಸಬೇಕಾದದ್ದು ಜನನವಾದ ಸ್ಥಳದಲ್ಲಿ. ಗಂಡನ ಊರಿನ ಕಾರ್ಯಕರ್ತೆ “ತವರಿಗೆ ಹೋಗಿದ್ದಾಳೆ” ಎಂದು ಬರೆದು ಆ ಸಾಲನ್ನು ಮುಗಿಸುತ್ತಾಳೆ. ತವರಿನ ಕಾರ್ಯಕರ್ತೆ “ಇವಳು ನಮ್ಮೂರವಳಲ್ಲ” ಎಂದು ಸಾಲನ್ನೇ ತೆರೆಯುವುದಿಲ್ಲ. ಮಗು ಬದುಕಿ ಬೆಳೆದರೆ ಎಂದಾದರೂ ಯಾವುದಾದರೂ ಪುಸ್ತಕದಲ್ಲಿ ಸಿಕ್ಕೀತು. ಅದು ನಾಲ್ಕನೆಯ ದಿನ ತೀರಿಕೊಂಡರೆ? ಮನೆಯವರು ದುಃಖದಲ್ಲಿ ಜನನವನ್ನೂ ಬರೆಸುವುದಿಲ್ಲ, ಮರಣವನ್ನೂ ಬರೆಸುವುದಿಲ್ಲ. ಆ ಮಗು ಹುಟ್ಟಿಯೇ ಇರಲಿಲ್ಲವೆಂಬಂತೆ ನಮ್ಮ ಲೆಕ್ಕ ಮುಂದೆ ಸಾಗುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಹುಟ್ಟಿದ ಮೇಲೆ ಒಂದೇ ಒಂದು ಉಸಿರು ಎಳೆದು ನಿಂತುಹೋದ ಮಗು ಸಜೀವ ಜನನವೇ. ಅದನ್ನು ಜನನವೆಂದೂ ಮರಣವೆಂದೂ ಎರಡು ಕಡೆ ಬರೆಯಬೇಕು. ಉಸಿರೇ ಎಳೆಯದೆ, ಜೀವದ ಯಾವ ಚಿಹ್ನೆಯೂ ಇಲ್ಲದೆ ಹುಟ್ಟಿದ್ದು ನಿರ್ಜೀವ ಜನನ. ಅದನ್ನು ಪ್ರತ್ಯೇಕವಾಗಿ ನೋಂದಾಯಿಸಬೇಕು. ಹೆರಿಗೆ ಮಾಡಿಸಿದವರಿಗೆ ಎರಡನೆಯದನ್ನು ಬರೆಯುವುದು ಸುಲಭ. ಪ್ರಶ್ನೆ ಕೇಳುವವರು ಕಡಿಮೆ. ಆದರೆ ಉಸಿರಾಡಿದ ಮಗುವನ್ನು ನಿರ್ಜೀವವೆಂದು ಬರೆದಾಗ, ಹುಟ್ಟಿದ ಕೂಡಲೆ ಉಸಿರಾಟಕ್ಕೆ ನೆರವು ನೀಡುವ ಚೀಲ ಮತ್ತು ಮುಖವಾಡ ಆ ಹೆರಿಗೆ ಕೋಣೆಯಲ್ಲಿ ಇತ್ತೇ, ಅದನ್ನು ಬಳಸಬಲ್ಲವರಿದ್ದರೇ ಎಂದು ಯಾರೂ ಕೇಳದಂತಾಗುತ್ತದೆ.

ಭಾರತದಲ್ಲಿ ಜನನ ಮರಣಗಳ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾನೂನು ಬಂದದ್ದು 1969ರಲ್ಲಿ. ಜನನವನ್ನಾಗಲಿ ಮರಣವನ್ನಾಗಲಿ 21 ದಿನಗಳ ಒಳಗೆ ತಿಳಿಸಬೇಕು. ಮನೆಯಲ್ಲಿ ನಡೆದರೆ ಮನೆಯ ಯಜಮಾನ, ಆಸ್ಪತ್ರೆಯಲ್ಲಿ ನಡೆದರೆ ಅಲ್ಲಿನ ವೈದ್ಯಾಧಿಕಾರಿ ತಿಳಿಸಬೇಕಾದವರು. ಅವಧಿ ಮೀರಿದರೂ ಬಾಗಿಲು ಮುಚ್ಚಿತೆಂದು ತಿಳಿಯಬೇಡಿ; 30 ದಿನಗಳವರೆಗೆ ತಡ ಶುಲ್ಕದೊಂದಿಗೆ, ವರ್ಷದವರೆಗೆ ಅಧಿಕಾರಿಯ ಅನುಮತಿಯೊಂದಿಗೆ, ಆಮೇಲೆ ಮ್ಯಾಜಿಸ್ಟ್ರೇಟರ ಆದೇಶದೊಂದಿಗೆ ನೋಂದಾಯಿಸಬಹುದು. ಹೆಸರಿಡದ ಮಗುವನ್ನೂ ನೋಂದಾಯಿಸಬಹುದು. ಹೆಸರನ್ನು ಆಮೇಲೆ ಸೇರಿಸಲು ಅವಕಾಶವಿದೆ. ನಾಮಕರಣವಾಗಲಿ ಎಂದು ಕಾಯುವ ಮನೆಗಳಲ್ಲಿ ನೀವು ಇದನ್ನು ಒತ್ತಿ ಹೇಳಬೇಕು.

ಕಾನೂನು ಬಂದೊಡನೆ ಕೆಲಸವಾಯಿತೆಂದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೋಂದಣಿಯಾಗಿದ್ದವರು ನೂರಕ್ಕೆ 41 ಮಂದಿ ಮಾತ್ರ. 2019-21ರ ಸಮೀಕ್ಷೆಯಲ್ಲಿ ಅದು 89ಕ್ಕೆ ಏರಿತು. ಹೆರಿಗೆಗಳು ಮನೆಯಿಂದ ಆಸ್ಪತ್ರೆಗೆ ಬಂದದ್ದು ಇದಕ್ಕೆ ಮುಖ್ಯ ಕಾರಣ. ಶಾಲೆಗೆ ಸೇರಿಸಲು ಪ್ರಮಾಣಪತ್ರ ಬೇಕಾದದ್ದೂ ಒಂದು ಕಾರಣ. 2023ರ ತಿದ್ದುಪಡಿಯ ತರುವಾಯ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ವಾಹನ ಚಾಲನೆಯ ಪರವಾನಗಿ ಮೊದಲಾದುವಕ್ಕೆಲ್ಲ ಜನ್ಮದಿನದ ಆಧಾರ ಜನನ ಪ್ರಮಾಣಪತ್ರವೇ.

ನನ್ನ ವಯಸ್ಸಿನವರ ಶಾಲಾ ದಾಖಲೆಯನ್ನು ನೋಡಿದರೆ ನಮ್ಮ ಹಳ್ಳಿಗಳಲ್ಲಿ ಅರ್ಧ ಜನ ಜೂನ್ 1ರಂದು ಹುಟ್ಟಿದವರು. ಮೇಷ್ಟರು ಮಗುವಿನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಎದುರು ಬದಿಯ ಕಿವಿ ಮುಟ್ಟಿಸಿ, ಮುಟ್ಟಿದರೆ ವಯಸ್ಸಾಯಿತೆಂದು ಬರೆದುಕೊಂಡ ತಾರೀಖು ಅದು. ಇದು ನಗುವ ವಿಷಯವೇ ಸರಿ. ನಾನೂ ಜೂನ್ ಒಂದರವನೇ. ಆದರೆ ಹದಿನಾರರ ಹುಡುಗಿಯ ಲಗ್ನವನ್ನು ನಿಲ್ಲಿಸಲು ಹೋದ ಅಂಗನವಾಡಿ ಕಾರ್ಯಕರ್ತೆಗೆ “ಅವಳಿಗೆ ಹತ್ತೊಂಬತ್ತು ತುಂಬಿದೆ” ಎಂದು ಚಪ್ಪರದ ಕೆಳಗೆ ನಿಂತು ಸೋದರಮಾವ ಹೇಳಿದಾಗ, ಅವಳ ಕೈಯಲ್ಲಿ ಜನನ ಪ್ರಮಾಣಪತ್ರವಿಲ್ಲದಿದ್ದರೆ ಅದು ನಗುವ ವಿಷಯವಾಗಿ ಉಳಿಯುವುದಿಲ್ಲ.

ಎಲ್ಲ ಜನನ ಮರಣಗಳೂ ದಾಖಲಾಗದಿದ್ದ ಕಾಲದಲ್ಲಿ ದೇಶದ ಪ್ರಮಾಣಗಳನ್ನು ಹೇಗೆ ತಿಳಿದರು ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗಾದರೂ ಬಂದಿರಬಹುದು. ಇದರ ಉತ್ತರ ಬಹಳ ಸ್ವಾರಸ್ಯವಾದುದು, ಮತ್ತು ಅದು ನಮ್ಮ ದೇಶದಲ್ಲಿಯೇ ಹುಟ್ಟಿದ್ದು. ಕಲ್ಕತ್ತೆಯ ಸಮೀಪದ ಸಿಂಗೂರು ಆರೋಗ್ಯ ಕೇಂದ್ರದ ಗ್ರಾಮಗಳಲ್ಲಿ ಸಂಗ್ರಹಿಸಿದ ವಿವರಗಳನ್ನು ಆಧರಿಸಿ ಚಂದ್ರಶೇಖರನ್ ಎಂಬ ಭಾರತೀಯ ಸಂಖ್ಯಾಶಾಸ್ತ್ರಜ್ಞರೂ ಡೆಮಿಂಗ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರೂ 1949ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಅದನ್ನು ಒಂದು ಉದಾಹರಣೆಯಿಂದ ತಿಳಿಸುತ್ತೇನೆ.

ಒಂದು ಪ್ರದೇಶದಲ್ಲಿ ವರ್ಷಕ್ಕೆ ಎಷ್ಟು ಮಕ್ಕಳು ಹುಟ್ಟಿದರೆಂದು ಇಬ್ಬರು ಬೇರೆ ಬೇರೆಯಾಗಿ ಪಟ್ಟಿ ಮಾಡುತ್ತಾರೆ ಎನ್ನಿ. ಮೊದಲನೆಯವಳ ಪಟ್ಟಿಯಲ್ಲಿ 90 ಮಕ್ಕಳು. ಎರಡನೆಯವಳ ಪಟ್ಟಿಯಲ್ಲಿ 80. ಎರಡನ್ನೂ ಹೆಸರು ಹೆಸರಾಗಿ ಹೋಲಿಸಿದಾಗ ಎರಡರಲ್ಲೂ ಇರುವವು 72. ಎರಡನೆಯವಳು ಕಂಡ 80 ಮಕ್ಕಳಲ್ಲಿ 72ನ್ನು ಮೊದಲನೆಯವಳೂ ಕಂಡಿದ್ದಾಳೆ, ಎಂದರೆ ಹತ್ತರಲ್ಲಿ ಒಂಬತ್ತು. ಹಾಗಾದರೆ ಊರಿನ ಎಲ್ಲ ಮಕ್ಕಳಲ್ಲಿಯೂ ಅವಳು ಹತ್ತಕ್ಕೆ ಒಂಬತ್ತರಂತೆ ಕಂಡಿರಬೇಕೆಂದು ತರ್ಕಿಸಬಹುದು. ಅವಳ 90 ಎಂಬುದು ಒಟ್ಟಿನ ಹತ್ತರಲ್ಲಿ ಒಂಬತ್ತು ಪಾಲಾದರೆ ಒಟ್ಟು 100. ಎರಡು ಪಟ್ಟಿಗಳನ್ನೂ ಕೂಡಿಸಿದರೆ ಸಿಕ್ಕುವ ಬೇರೆ ಬೇರೆ ಮಕ್ಕಳು 98. ಎಂದರೆ ಇಬ್ಬರ ಕಣ್ಣಿಗೂ ಬೀಳದ ಎರಡು ಮಕ್ಕಳು ಎಲ್ಲೋ ಇದ್ದಾರೆ! ಕಾಣದಿರುವವರನ್ನೂ ಎಣಿಸುವ ಈ ಉಪಾಯವನ್ನು ಕೇಳಿದಾಗ ನನಗೆ ಮೊದಲ ಬಾರಿಗೆ ಲೆಕ್ಕದ ಮೇಲೆ ಪ್ರೀತಿ ಹುಟ್ಟಿತು.

ಇದಕ್ಕೊಂದು ಕಟ್ಟುನಿಟ್ಟಾದ ನಿಬಂಧನೆಯುಂಟು. ಎರಡನೆಯವಳು ಮೊದಲನೆಯವಳ ಪಟ್ಟಿಯನ್ನು ನೋಡಿರಬಾರದು. ನೋಡಿ ಬರೆದರೆ ಎರಡೂ ಪಟ್ಟಿಗಳು ಚೆನ್ನಾಗಿ ಹೊಂದಿಕೊಳ್ಳುತ್ತವೆ, ಎಲ್ಲರೂ ಸಂತೋಷಪಡುತ್ತಾರೆ, ಲೆಕ್ಕ ಮಾತ್ರ ಹಾಳಾಗುತ್ತದೆ. ಭಾರತದ ಮಾದರಿ ನೋಂದಣಿ ಪದ್ಧತಿ ಎರಡು ಬಾರಿ ಎಣಿಸುವ ಈ ತತ್ತ್ವದ ಮೇಲೆಯೇ ನಿಂತಿದೆ. 1964-65ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಅದು 1969-70ರ ವೇಳೆಗೆ ಪೂರ್ಣ ರೂಪ ತಾಳಿತು. ಆಯ್ದ ಗ್ರಾಮಗಳಲ್ಲಿಯೂ ನಗರದ ಭಾಗಗಳಲ್ಲಿಯೂ ಸ್ಥಳೀಯ ಗಣತಿದಾರರೊಬ್ಬರು, ಅನೇಕ ಕಡೆ ಶಾಲಾ ಉಪಾಧ್ಯಾಯರು ಅಥವಾ ಅಂಗನವಾಡಿ ಕಾರ್ಯಕರ್ತೆಯರು, ವರ್ಷವಿಡೀ ಜನನ ಮರಣಗಳನ್ನು ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು ಮನೆಮನೆಗೆ ಹೋಗಿ ಸ್ವತಂತ್ರವಾಗಿ ಕೇಳಿ ಬರೆಯುತ್ತಾರೆ. ಎರಡೂ ಹೊಂದದ ಕಡೆ ಮತ್ತೊಮ್ಮೆ ಆ ಮನೆಗೆ ಹೋಗಿ ನಿಜವನ್ನು ತಿಳಿಯುತ್ತಾರೆ. ದೇಶದ ಶಿಶುಮರಣ ಪ್ರಮಾಣ 1971ರಲ್ಲಿ ಸಾವಿರಕ್ಕೆ 129 ಇದ್ದುದು 2020ರಲ್ಲಿ 28ಕ್ಕೆ ಇಳಿಯಿತೆಂದು, ಕರ್ನಾಟಕದಲ್ಲಿ ಅದೇ ವರ್ಷ 19ಕ್ಕೆ ಬಂದಿತೆಂದು ನಮಗೆ ತಿಳಿದದ್ದು ಈ ಪದ್ಧತಿಯಿಂದ. ಕರ್ನಾಟಕದ ತಾಯಿಮರಣ ಪ್ರಮಾಣ 2001-03ರಲ್ಲಿ ಲಕ್ಷಕ್ಕೆ 228 ಇತ್ತು, 2018-20ರಲ್ಲಿ 69.

ಈ 69ನ್ನು ಕೇಳಿದೊಡನೆ ಚಪ್ಪಾಳೆ ತಟ್ಟಬೇಡಿ. ಇದು ಮಾದರಿಯಿಂದ ಅಂದಾಜು ಮಾಡಿದ ಸಂಖ್ಯೆ. ಸ್ವಲ್ಪ ಆಚೀಚೆ ಇರಬಹುದು. ಅಲ್ಲದೆ ಅದು ಇಡೀ ರಾಜ್ಯದ ಸರಾಸರಿ. ನಿಮ್ಮ ಹೋಬಳಿಯಲ್ಲಿ ಏನಾಗುತ್ತಿದೆಯೆಂದು ಅದು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ನೀವು ಮಾತ್ರ.

ಈಗ ನಿಮ್ಮ ಉಪಕೇಂದ್ರದ ಲೆಕ್ಕಕ್ಕೆ ಬರೋಣ. ಬಯಲು ಸೀಮೆಯ ಉಪಕೇಂದ್ರಕ್ಕೆ 5,000 ಜನಸಂಖ್ಯೆ ಎಂದು ಹಿಡಿಯಿರಿ. 2020ರ ಅಂದಾಜಿನಂತೆ ರಾಜ್ಯದ ಜನನ ಪ್ರಮಾಣ ಸಾವಿರಕ್ಕೆ 16.5. ಅಲ್ಲಿಗೆ ವರ್ಷಕ್ಕೆ 82 ಅಥವಾ 83 ಜನನಗಳು. ಕೆಲವು ಗರ್ಭಗಳು ನಿಲ್ಲುವುದಿಲ್ಲವಾದುದರಿಂದ ನೂರಕ್ಕೆ ಹತ್ತರಷ್ಟು ಸೇರಿಸಿದರೆ ವರ್ಷಕ್ಕೆ ಸುಮಾರು 91 ಗರ್ಭಿಣಿಯರು. ಯಾವುದೇ ತಿಂಗಳಲ್ಲಿ ನಿಮ್ಮ ಪುಸ್ತಕವನ್ನು ತೆರೆದರೂ ಅದರ ಅರ್ಧದಷ್ಟು, ಎಂದರೆ 45ರ ಸುಮಾರು ಹೆಸರುಗಳು ಇರಬೇಕು. ಇಪ್ಪತ್ತೇ ಇದ್ದರೆ? ಗರ್ಭಿಣಿಯರು ಕಡಿಮೆಯೆಂದು ತಿಳಿಯುವ ಮೊದಲು, ನೀವು ಹೋಗದ ಮನೆಗಳು ಯಾವುವೆಂದು ಯೋಚಿಸಬೇಕು. ಊರಾಚೆಯ ತಾಂಡಾ, ಇಟ್ಟಿಗೆ ಗೂಡಿನ ಕೆಲಸಗಾರರ ಗುಡಿಸಲು, ಕಬ್ಬು ಕಡಿಯಲು ಬಂದವರ ಬಿಡಾರ, ಕಾಫಿ ತೋಟದ ಲೈನು ಮನೆ ಇಂಥವೇ ಅವು. ಅಲ್ಲಿರುವವರ ಹೆಸರು ಊರಿನ ಪಟ್ಟಿಯಲ್ಲಿರುವುದಿಲ್ಲ. ಕಷ್ಟದ ಹೆರಿಗೆಯೂ ಕಡಿಮೆ ತೂಕದ ಮಗುವೂ ಹೆಚ್ಚಾಗಿ ಸಿಗುವುದು ಅಲ್ಲಿಯೇ.

ಆದರೆ ಇದೇ 91 ಎಂಬ ಸಂಖ್ಯೆಯನ್ನು ಮೇಲಿನ ಅಧಿಕಾರಿ ಗುರಿಯನ್ನಾಗಿ ಮಾಡಿ ನಿಮ್ಮ ತಲೆಯ ಮೇಲೆ ಹೊರಿಸಿದರೆ ಏನಾಗುತ್ತದೆ? ಮಾರ್ಚ್ ತಿಂಗಳ ಕೊನೆಗೆ ಪುಸ್ತಕದಲ್ಲಿ 91 ಹೆಸರುಗಳು ಇದ್ದೇ ಇರುತ್ತವೆ. ಅವು ಎಲ್ಲಿಂದ ಬಂದವೆಂದು ಕೇಳಬಾರದು. ಇನ್ನೊಂದು ಮಾತು: 5,000 ಎಂಬ ಸಂಖ್ಯೆಯೇ ಹಳೆಯದಾಗಿರಬಹುದು. 2011ರ ಜನಗಣತಿಯ ನಂತರ 2021ರಲ್ಲಿ ನಡೆಯಬೇಕಾಗಿದ್ದ ಗಣತಿ ನಡೆಯಲಿಲ್ಲ. ಅಂದಿನಿಂದ ಎಷ್ಟು ಮನೆಗಳಿಗೆ ಬೀಗ ಬಿದ್ದಿದೆ, ಎಷ್ಟು ಹೊಸ ಬಡಾವಣೆಗಳು ಎದ್ದಿವೆಯೆಂಬುದು ನೀವು ಪ್ರತಿವರ್ಷ ಮಾಡುವ ಮನೆ ಸಮೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಅದನ್ನು ಹಿಂದಿನ ವರ್ಷದ ಪುಸ್ತಕ ನೋಡಿ ನಕಲು ಮಾಡಿದರೆ ಛೇದವೂ ಹೋಯಿತು.

ಗುರಿಯ ಒತ್ತಡ ಲೆಕ್ಕವನ್ನು ಹೇಗೆ ಕೆಡಿಸುತ್ತದೆಂಬುದನ್ನು ಕುಟುಂಬ ಕಲ್ಯಾಣ ಕಾರ್ಯಕ್ರಮದ ಚರಿತ್ರೆಯೇ ಹೇಳುತ್ತದೆ. ನಮ್ಮ ರಾಜ್ಯಕ್ಕೆ ಈ ಕ್ಷೇತ್ರದಲ್ಲಿ ಹಿರಿಮೆಯಿದೆ. ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಒಟ್ಟುಗೂಡಿ ಮೈಸೂರು ಜನಸಂಖ್ಯಾ ಅಧ್ಯಯನವನ್ನು ಕೈಗೊಂಡವು. ಹೆಂಗಸರ ಮನಸ್ಸನ್ನು ಊಹಿಸುವುದರ ಬದಲು, ಮನೆಗೆ ಹೋಗಿ ಅವರನ್ನೇ ಕೇಳಿ ಬರೆದುಕೊಂಡ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಅದೊಂದು. ಆದರೆ ಮುಂದಿನ ದಶಕಗಳಲ್ಲಿ ಕೇಳುವುದು ಹಿಂದೆ ಸರಿದು, ಇಷ್ಟು ಶಸ್ತ್ರಚಿಕಿತ್ಸೆ, ಇಷ್ಟು ವಂಕಿ ಎಂಬ ಗುರಿ ಮುಂದೆ ಬಂದಿತು. 1970ರ ದಶಕದ ಕೊನೆಯಿಂದ 80ರ ದಶಕದ ನಡುವಿನವರೆಗೆ ವರದಿಗಳಲ್ಲಿ ರಕ್ಷಿತ ದಂಪತಿಗಳ ಸಂಖ್ಯೆ ಏರುತ್ತಲೇ ಇತ್ತು. ಮಾದರಿ ನೋಂದಣಿ ಪದ್ಧತಿಯಲ್ಲಾದರೋ ದೇಶದ ಜನನ ಪ್ರಮಾಣ ಸಾವಿರಕ್ಕೆ 33ರ ಆಸುಪಾಸಿನಲ್ಲಿಯೇ ನಿಂತಿತ್ತು. ಅಷ್ಟೆಲ್ಲ ಸಾಧನೆಯಾಗಿದ್ದರೆ ಜನನಗಳು ಏಕೆ ಇಳಿಯಲಿಲ್ಲ? ನಾಲ್ಕೈದು ಮಕ್ಕಳಾದ ಮೇಲೆ, ವಯಸ್ಸಾದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೇ ಹೆಚ್ಚೆಂಬುದು ಒಂದು ಉತ್ತರ. ಕಾಗದದ ಮೇಲಿನ ಸಾಧನೆಯೆಂಬುದು ಇನ್ನೊಂದು. 1996ರ ಏಪ್ರಿಲ್‌ನಿಂದ ವಿಧಾನವಾರು ಗುರಿಗಳನ್ನು ದೇಶದಾದ್ಯಂತ ಕೈಬಿಡಲಾಯಿತು. ಕೆಲಸ ಮಾಡುವವರೂ ಅದನ್ನು ಅಳೆಯುವವರೂ ಬೇರೆ ಬೇರೆ ಇದ್ದುದರಿಂದಲೇ ಈ ವ್ಯತ್ಯಾಸ ಬೆಳಕಿಗೆ ಬಂದಿತೆಂಬುದು ಗಮನಾರ್ಹ.

ಸಣ್ಣ ಸುಳ್ಳುಗಳೂ ಇವೆ. ನಾನೊಮ್ಮೆ ಒಂದು ಉಪಕೇಂದ್ರದಲ್ಲಿ ನೋಡಿದ ಹೆರಿಗೆ ಪುಸ್ತಕದಲ್ಲಿ ಮೂರು ತಿಂಗಳು ಹುಟ್ಟಿದ ಮಕ್ಕಳೆಲ್ಲರ ತೂಕವೂ ಎರಡೂವರೆ ಕಿಲೋ. ಆ ಊರಿನ ತಾಯಂದಿರು ಅಳತೆಗೆ ಹಾಕಿ ಹೆರುತ್ತಿದ್ದರೋ ಏನೋ! ಕೇಳಿದರೆ ಆ ಸಹಾಯಕಿ ಅಳುಮುಖ ಮಾಡಿ ಕಪಾಟಿನಿಂದ ತಕ್ಕಡಿಯನ್ನು ತೆಗೆದು ತೋರಿಸಿದಳು. ಸ್ಪ್ರಿಂಗು ಮುರಿದು ನಾಲ್ಕು ತಿಂಗಳಾಗಿತ್ತು. ಎರಡು ಬಾರಿ ಬರೆದುಕೊಂಡಿದ್ದಳು, ಉತ್ತರ ಬಂದಿರಲಿಲ್ಲ. ಆದರೆ ಆ ಕಲಮು ಖಾಲಿ ಇದ್ದರೆ ಮಾಸಿಕ ಸಭೆಯಲ್ಲಿ ಎಲ್ಲರೆದುರು ಬೈಗುಳ. ಎರಡೂವರೆಗಿಂತ ಕಡಿಮೆ ಬರೆದರೆ ಕಡಿಮೆ ತೂಕದ ಮಗುವೆಂದು ವಿಚಾರಣೆ. ಹಾಗಾಗಿ ಎರಡೂವರೆ. ತಪ್ಪು ಅವಳದೇ ಎನ್ನಲು ನನಗೆ ನಾಲಿಗೆ ಬರಲಿಲ್ಲ. ತೂಗಿಲ್ಲವಾದರೆ ‘ತೂಗಿಲ್ಲ, ತಕ್ಕಡಿ ಕೆಟ್ಟಿದೆ’ ಎಂದು ಬರೆಯುವ ಧೈರ್ಯವನ್ನು ಅವಳಿಗೆ ಕೊಡಬೇಕಾದವರು ನಾವು, ಮೇಲೆ ಕುಳಿತವರು.

ಖಾಲಿ ಬಿಡುವುದಕ್ಕೂ ಸೊನ್ನೆ ಬರೆಯುವುದಕ್ಕೂ ಇರುವ ಅಂತರವನ್ನು ಪೋಲಿಯೋ ನಿರ್ಮೂಲನ ಕಾರ್ಯ ನಮಗೆ ಕಲಿಸಿತು. ಹದಿನೈದು ವರ್ಷದೊಳಗಿನ ಯಾವ ಮಗುವಿಗೆ ಹಠಾತ್ತನೆ ಕೈಕಾಲು ಜೋಲುಬಿದ್ದರೂ ವರದಿ ಮಾಡಬೇಕು. ಯಾರಿಗೂ ಆಗದಿದ್ದರೆ ವಾರವಾರವೂ ‘ಸೊನ್ನೆ’ ಎಂದು ವರದಿ ಮಾಡಬೇಕು. ಸೊನ್ನೆ ಎಂದರೆ ‘ಹುಡುಕಿದೆ, ಇಲ್ಲ’ ಎಂದರ್ಥ. ಖಾಲಿ ಎಂದರೆ ‘ಹುಡುಕಲಿಲ್ಲ’. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚಿಯಲ್ಲಿ ನಮ್ಮನ್ನು ಪೋಲಿಯೋ ಮುಕ್ತವೆಂದು ಘೋಷಿಸಿದಾಗ ಆಧಾರವಾಗಿ ನಿಂತದ್ದು ಮೂರು ವರ್ಷಗಳ ಸಾವಿರಾರು ಸೊನ್ನೆಗಳು.

ಇದಕ್ಕೆ ಎದುರಾದ ಪಾಠ ಸಿಡುಬಿನದು. 1973ರಲ್ಲಿ ಮನೆಮನೆ ಹುಡುಕಾಟ ಆರಂಭವಾದ ಮೇಲೆ, 1974ರಲ್ಲಿ ಭಾರತದಲ್ಲಿ ವರದಿಯಾದ ಸಿಡುಬಿನ ಪ್ರಕರಣಗಳು ಒಂದು ಲಕ್ಷ 88 ಸಾವಿರಕ್ಕೆ ಏರಿದವು. ಆ ವರ್ಷ ಬಿಹಾರದಲ್ಲಿ ರೋಗ ನಿಜವಾಗಿಯೂ ಉಲ್ಬಣಿಸಿತ್ತು. ಆದರೆ ಏರಿಕೆಯ ಒಂದು ಭಾಗ ಅದುವರೆಗೆ ಅಡಗಿದ್ದುದು ಹೊರಬಂದದ್ದು. ಹೆಚ್ಚು ಬರೆದವರನ್ನು ಶಿಕ್ಷಿಸಿದ್ದರೆ ಮರುವರ್ಷ, 1975ರಲ್ಲಿ, ಸಿಡುಬು ಭಾರತವನ್ನು ಬಿಟ್ಟು ಹೋಗುತ್ತಿರಲಿಲ್ಲ. ಒಂದು ಉಪಕೇಂದ್ರದಲ್ಲಿ ಈ ವರ್ಷ ಶಿಶುಮರಣ ಒಂದರಿಂದ ಮೂರಕ್ಕೆ ಏರಿದರೆ ಮೊದಲು ಕೇಳಬೇಕಾದದ್ದು: ಸಾವು ಹೆಚ್ಚಿತೇ, ಬರೆಯುವವಳು ಬದಲಾದಳೇ?

ಬರೆಯದಿದ್ದರೆ ಜೀವಕ್ಕೆ ಹೇಗೆ ಸಂಚಕಾರವೆಂಬುದಕ್ಕೆ ಹಾವು ಕಡಿತ ಒಳ್ಳೆಯ ನಿದರ್ಶನ. ಹೊಲದಲ್ಲಿ, ಕೊಟ್ಟಿಗೆಯಲ್ಲಿ ಕಡಿಸಿಕೊಂಡವರು ಅನೇಕರು ನಾಟಿ ಮದ್ದಿನವರ ಬಳಿ ಹೋಗಿ ಊರಿನಲ್ಲಿಯೇ ಸಾಯುತ್ತಾರೆ. ಆಸ್ಪತ್ರೆಗಳ ಲೆಕ್ಕದಲ್ಲಿ ಅವರು ಇಲ್ಲ. ಮಾದರಿ ನೋಂದಣಿ ಪದ್ಧತಿಯ ಮನೆಗಳಲ್ಲಿ ಸತ್ತವರ ಬಂಧುಗಳನ್ನು ವಿಚಾರಿಸಿ, ಕೊನೆಯ ದಿನಗಳ ವಿವರ ಬರೆದು, ವೈದ್ಯರು ಅದನ್ನು ಓದಿ ಕಾರಣವನ್ನು ನಿರ್ಧರಿಸುವ ದೊಡ್ಡ ಅಧ್ಯಯನವೊಂದು ನಡೆಯಿತು. 2011ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ 2005ರಲ್ಲಿ ದೇಶದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 46,000. ಆಸ್ಪತ್ರೆಗಳ ವರದಿಗಿಂತ ಇದು ಹಲವು ಪಟ್ಟು. ವಿಷಹಾರಿ ಚುಚ್ಚುಮದ್ದು ಎಷ್ಟು ತಯಾರಾಗಬೇಕು, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ಸೀಸೆ ಇರಬೇಕು ಎಂಬುದೆಲ್ಲ ಲೆಕ್ಕವನ್ನು ಅವಲಂಬಿಸಿದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದುದೆಂದು ಘೋಷಿಸಿತು. ಅಂತೆಯೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆಯೆಂಬ ಸುದ್ದಿಯನ್ನು ಯಾರೋ ಹಳ್ಳಿಗರು ಮುಟ್ಟಿಸಿದ್ದರಿಂದಲೇ ಹೊಸ ರೋಗವೊಂದರ ಸುಳಿವು ಸಿಕ್ಕಿತು. ಮಲೆನಾಡಿನ ಕಾರ್ಯಕರ್ತೆಯರಿಗೆ ಸತ್ತ ಮಂಗವೂ ಒಂದು ಅಂಕಿಯೇ.

ಇನ್ನು ನಾನು ಹೇಳಲು ಇಷ್ಟಪಡದ, ಆದರೆ ಹೇಳಲೇಬೇಕಾದ ಒಂದು ಸಂಗತಿಯಿದೆ. ಅನೇಕ ವರ್ಷಗಳ ಹಿಂದೆ ನಾನಿದ್ದ ಕೇಂದ್ರದ ವ್ಯಾಪ್ತಿಯಲ್ಲಿ ಹಳ್ಳವೊಂದರ ಆಚೆ ಒಂದು ಸಣ್ಣ ಕೇರಿಯಿತ್ತು. ಮಳೆಗಾಲದಲ್ಲಿ ಅಲ್ಲಿಯ ಹೆಣ್ಣುಮಗಳೊಬ್ಬಳು ಹೆರಿಗೆಯಾದ ಹತ್ತೊಂಬತ್ತನೆಯ ದಿನ ತೀರಿಕೊಂಡಳು. ಮರಣದ ಕಾರಣ ‘ಜ್ವರ’ ಎಂದು ಬರೆದು ಬಂತು. ಬಾಣಂತಿಯೇ ಎಂಬ ಪ್ರಶ್ನೆಯ ಮುಂದೆ ಏನೂ ಇರಲಿಲ್ಲ. ಹೆರಿಗೆಯಾದ 42 ದಿನಗಳೊಳಗೆ ಹೆರಿಗೆಗೆ ಸಂಬಂಧಿಸಿದ ಕಾರಣದಿಂದ ಆದ ಸಾವು ತಾಯಿಮರಣವೆಂಬುದು ನನಗೆ ಚೆನ್ನಾಗಿ ತಿಳಿದಿತ್ತು. ಆ ಕೇರಿಯಲ್ಲಿ ಆ ತಿಂಗಳು ಹೆರಿಗೆಯಾಗಿತ್ತೆಂಬುದೂ ಗೊತ್ತಿತ್ತು. ಆ ವರ್ಷ ನಮ್ಮ ಕೇಂದ್ರದಲ್ಲಿ ತಾಯಿಮರಣ ಸೊನ್ನೆಯೆಂದು ಜಿಲ್ಲೆಯಲ್ಲಿ ಹೊಗಳಿಕೆ ಬಂದಿತ್ತು. ಆ ಕಾಗದಕ್ಕೆ ಸಹಿ ಹಾಕಿದವನು ನಾನು. ವಿಚಾರಿಸಿದ್ದರೆ ತಿಳಿಯುತ್ತಿತ್ತು: ಹದಿನಾರನೆಯ ದಿನವೇ ಅವಳನ್ನು ಹೊತ್ತು ತರಲು ಹೊರಟವರು ಹಳ್ಳ ದಾಟಲಾರದೆ ಹಿಂತಿರುಗಿದ್ದರು. ಮರುವರ್ಷ ಅದೇ ಮಳೆಗಾಲ, ಅದೇ ಹಳ್ಳ. ಈ ಬಾರಿ ಸತ್ತವಳು ಅವಳ ಓರಗಿತ್ತಿ, ರಕ್ತಸ್ರಾವದಿಂದ. ಆಗ ಬರೆದೆ. ಮಳೆಗಾಲದಲ್ಲಿ ದಿನ ತುಂಬುವ ಗರ್ಭಿಣಿಯರನ್ನು ವಾರ ಮೊದಲೇ ಈಚೆಗೆ ಕರೆತಂದು ಇರಿಸುವ ಏರ್ಪಾಡು ಆಯಿತು. ಕಾಲುಸಂಕವೂ ತಡವಾಗಿ ಬಂತು. ಒಂದು ವರ್ಷ ಮೊದಲು ಬರೆದಿದ್ದರೆ ಎಂದು ನನಗೆ ಇಂದಿಗೂ ಅನಿಸುತ್ತದೆ.

ರಾಜ್ಯದ ಪ್ರಮಾಣ ಲಕ್ಷಕ್ಕೆ 69 ಎಂದಾದರೆ, ವರ್ಷಕ್ಕೆ 82 ಹೆರಿಗೆಗಳ ಉಪಕೇಂದ್ರದಲ್ಲಿ ಒಂದು ತಾಯಿಮರಣ ಹದಿನೇಳು ಹದಿನೆಂಟು ವರ್ಷಕ್ಕೊಮ್ಮೆ ಆಗಬಹುದು. ಆದುದರಿಂದ ನಿಮ್ಮ ಮಟ್ಟದಲ್ಲಿ ತಾಯಿಮರಣದ ಪ್ರಮಾಣವನ್ನು ಲೆಕ್ಕ ಹಾಕುವುದು ಅರ್ಥಹೀನ. ಪ್ರತಿಯೊಂದು ಸಾವನ್ನೂ ಬಿಡದೆ ವಿಚಾರಿಸುವುದೇ ಸರಿ. 2010ರಿಂದ ನಮ್ಮ ದೇಶದಲ್ಲಿ ತಾಯಿಮರಣ ಪರಿಶೀಲನೆಯ ಮಾರ್ಗಸೂಚಿಗಳಿವೆ. ಮನೆಯಲ್ಲಿ ನಿರ್ಧಾರ ತಡವಾಯಿತೇ, ದಾರಿಯಲ್ಲಿ ತಡವಾಯಿತೇ, ಆಸ್ಪತ್ರೆಗೆ ಬಂದ ಮೇಲೆ ಚಿಕಿತ್ಸೆ ತಡವಾಯಿತೇ ಎಂಬ ಮೂರು ಪ್ರಶ್ನೆಗಳು ಅದರ ಜೀವಾಳ. ಯಾರನ್ನು ಅಮಾನತು ಮಾಡೋಣ ಎಂಬುದು ನಾಲ್ಕನೆಯ ಪ್ರಶ್ನೆಯಾಗಿ ಸೇರಿಕೊಂಡರೆ ಮೊದಲ ಮೂರಕ್ಕೂ ನಿಜವಾದ ಉತ್ತರ ಸಿಕ್ಕುವುದಿಲ್ಲ. ಈ ಮಾತನ್ನು ವೇದಿಕೆಯ ಮೇಲಿರುವ ಮಾನ್ಯರೂ ಕೇಳಿಸಿಕೊಳ್ಳಬೇಕೆಂದು ವಿನಂತಿ.

ನಿಮ್ಮ ದೂರು ನನಗೆ ಗೊತ್ತಿದೆ. ಒಂದೇ ಹೆಸರನ್ನು ಪುಸ್ತಕದಲ್ಲಿ, ತಾಯಿ ಕಾರ್ಡಿನಲ್ಲಿ, ಫೋನಿನಲ್ಲಿ, ಮಾಸಿಕ ವರದಿಯಲ್ಲಿ ಮತ್ತೆ ಮತ್ತೆ ಬರೆಯಬೇಕು. ಬರೆದುದನ್ನು ಓದಿದವರುಂಟೇ ಎಂಬುದೂ ತಿಳಿಯದು. ದೂರು ನ್ಯಾಯವಾದುದೇ. ಓದದ ಅಂಕಿಯನ್ನು ಕೇಳುವ ಹಕ್ಕು ಯಾವ ಅಧಿಕಾರಿಗೂ ಇಲ್ಲವೆಂದು ನಾನು ನಂಬುತ್ತೇನೆ. ಆದರೆ ಮೇಲಿನವರು ಓದುವವರೆಗೆ ನೀವೂ ಕಾಯಬೇಕೆಂದಿಲ್ಲ. ನಿಮ್ಮ ಪುಸ್ತಕದ ಮೊದಲ ಓದುಗರು ನೀವೇ ಆಗಿ. ಮೂರನೆಯ ಚುಚ್ಚುಮದ್ದಿಗೆ ಬಾರದ ಮಕ್ಕಳ ಹೆಸರುಗಳ ಕೆಳಗೆ ಗೆರೆ ಎಳೆದರೆ, ಅವೆಲ್ಲ ಒಂದೇ ಕೇರಿಯವೆಂದು ಒಮ್ಮೊಮ್ಮೆ ಗೋಚರಿಸುತ್ತದೆ. ಮುಂದಿನ ಲಸಿಕಾ ದಿನವನ್ನು ಆ ಕೇರಿಯ ಕೂಲಿಯವರು ಮನೆಯಲ್ಲಿರುವ ಹೊತ್ತಿಗೆ ಇಡಲು ಯಾರ ಅಪ್ಪಣೆಯೂ ಬೇಕಿಲ್ಲ. ವೈದ್ಯಾಧಿಕಾರಿಗೆ ಒಂದು ಮಾತು ಸಾಕು. ಗ್ರಾಮ ಸಭೆಯಲ್ಲಿ ಸಂಖ್ಯೆಗಳನ್ನು ಹೇಳಿ, ಹೆಸರುಗಳನ್ನು ಹೇಳಬೇಡಿ. ಯಾರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಯಾರ ಗರ್ಭ ಇಳಿಯಿತು ಎಂಬುದು ನಿಮ್ಮ ಪುಸ್ತಕದಿಂದ ಬಾವಿಕಟ್ಟೆಗೆ ಹೋದ ದಿನ, ಆ ಊರಿನ ಯಾವ ಹೆಂಗಸೂ ನಿಮಗೆ ಇನ್ನೊಮ್ಮೆ ನಿಜ ಹೇಳುವುದಿಲ್ಲ.

ನನ್ನ ಮಾತು ಇಷ್ಟೇ. ಈಗ ತಾವೆಲ್ಲರೂ ತಂದಿರುವ ದಾಖಲೆ ಪುಸ್ತಕಗಳನ್ನು ತೆರೆಯಿರಿ. ಪಕ್ಕದ ಉಪಕೇಂದ್ರದವರೊಡನೆ ಜೊತೆಯಾಗಿ ಕುಳಿತು, ಕಳೆದ ವರ್ಷ ‘ತವರಿಗೆ ಹೋಗಿದ್ದಾಳೆ’ ಎಂದು ಬರೆದಿರುವ ಸಾಲುಗಳನ್ನು ಮೊದಲು ಗುರುತಿಸೋಣ. ಆ ತವರುಗಳಲ್ಲಿ ಕೆಲವಾದರೂ ಈ ಕೋಣೆಯಲ್ಲಿರುವವರ ಊರುಗಳೇ ಆಗಿರುತ್ತವೆ.